ಮುಂದಿನ ಗೇಟಿನ ಬೈಗುಳ

ಫುಟ್‌ಬಾಲ್ ಕ್ಲಬ್ಬಿನ ಬಸ್ಸು ಓಡಿಸುವವನಿಗೆ ಪಂದ್ಯ ನೋಡಲು ಸಿಗುವುದು ಕಡಿಮೆ. ಆ ಹೊತ್ತಿನಲ್ಲಿ ಅವನು ಬಸ್ಸಿಗೆ ನೆರಳು ಹುಡುಕುತ್ತಿರುತ್ತಾನೆ, ಟೈರು ನೋಡುತ್ತಿರುತ್ತಾನೆ, ಇಲ್ಲವೇ ಹಿಂದಿನ ಸೀಟಿನಲ್ಲಿ ಮಲಗಿರುತ್ತಾನೆ. ಆದರೆ ಗೆದ್ದರೋ ಸೋತರೋ ಎಂದು ಅವನಿಗೆ ಯಾರೂ ಹೇಳಬೇಕಾಗಿಲ್ಲ. ಆಟಗಾರರು ಮೆಟ್ಟಿಲು ಹತ್ತುವ ಸದ್ದಿನಲ್ಲೇ ತಿಳಿಯುತ್ತದೆ. ಗೆದ್ದವರು ಒಬ್ಬರನ್ನೊಬ್ಬರು ತಳ್ಳಿಕೊಂಡು ಹತ್ತುತ್ತಾರೆ. ಸೋತವರು ಒಬ್ಬೊಬ್ಬರೇ ಬಂದು, ಯಾರ ಪಕ್ಕದಲ್ಲೂ ಕೂರದೆ ಕಿಟಕಿ ಹಿಡಿಯುತ್ತಾರೆ.

ಈಗ ಊರೂರಿಗೆ ಕ್ಲಬ್ಬುಗಳಾಗಿವೆ. ಅವುಗಳ ಬಸ್ಸು ಓಡಿಸಲು ಸೇರುವ ಹುಡುಗರು ಸೊಲ್ಲಾಪುರದ ವಿಜಾಪುರ ರಸ್ತೆಯ ಗ್ಯಾರೇಜಿನಲ್ಲಿ ಸಿಕ್ಕಾಗ ನನ್ನನ್ನು ಕೇಳುತ್ತಾರೆ, ಕೆಲಸ ಹ್ಯಾಂಗಿರತದ ಮಾಮಾ ಎಂದು. ಹೋದ ವರ್ಷ ಕೇಳಿದ್ದರೆ ನಗುತ್ತ ಹೇಳುತ್ತಿದ್ದೆನೇನೋ. ಈ ಬೇಸಿಗೆಯಲ್ಲಿ ಶರಣಪ್ಪ ಹೋದ. ನಾಗಣಸೂರಿನ ಶರಣಪ್ಪ, ನಮ್ಮ ತಂಡದ ಕ್ಯಾಪ್ಟನ್, ಆಮೇಲೆ ಕೋಚ್. ನೌಕರಿ ಇರುವ ತನಕ ನನ್ನ ಬೆನ್ನ ಹಿಂದಿನ ಸೀಟು ಅವನದು. ಅವನನ್ನು ಮಣ್ಣು ಮಾಡಿ ಬಂದ ಮೇಲೆ ನನಗೆ ಸುಮ್ಮನೆ ಕೂರಲು ಆಗುತ್ತಿಲ್ಲ. ನಾನು ಮಾತಿನವನಲ್ಲ. ಏಳನೇ ತರಗತಿಯ ತನಕ ಕನ್ನಡ ಸಾಲಿಯಲ್ಲಿ ಕಲಿತ ಅಕ್ಷರದಲ್ಲಿ ಇದನ್ನು ಬರೆಯುತ್ತಿದ್ದೇನೆ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ.

ಅಕ್ಕಲಕೋಟ ರಸ್ತೆಯಲ್ಲಿ, ಕಾರ್ಖಾನೆಗಳ ಎಂಐಡಿಸಿಯಲ್ಲಿ ಒಂದು ಟಾವೆಲ್ ಮಿಲ್ಲು. ಅದರ ಸೇಠರಿಗೆ ಫುಟ್‌ಬಾಲಿನ ಹುಚ್ಚು. ಊರೆಲ್ಲ ಕ್ರಿಕೆಟ್ ಆಡುವಾಗ ಇವರು ಮಿಲ್ಲಿನಲ್ಲೊಂದು ಫುಟ್‌ಬಾಲ್ ತಂಡ ಕಟ್ಟಿದರು. ಆಟಗಾರರೆಲ್ಲ ಮಿಲ್ಲಿನ ನೌಕರರೇ. ಬೆಳಿಗ್ಗೆ ಮಗ್ಗದ ಮುಂದೆ, ಮಧ್ಯಾಹ್ನದ ಮೇಲೆ ಮೈದಾನದಲ್ಲಿ. ನಾನು ಗಂಟು ಸಾಗಿಸುವ ಲಾರಿಯ ಡ್ರೈವರ್ ಆಗಿ ಸೇರಿದವನು. ಮೊದಲು ತಂಡಕ್ಕೆ ಬಸ್ಸು ಇರಲಿಲ್ಲ. ನನ್ನ ಲಾರಿಯಲ್ಲಿ ಟಾವೆಲ್ ಗಂಟುಗಳ ಮೇಲೆ ಕೂತು ಊರೂರಿಗೆ ಹೋಗುತ್ತಿದ್ದರು. ಗಂಟುಗಳನ್ನು ವ್ಯಾಪಾರಿಯಲ್ಲಿ ಇಳಿಸಬೇಕು, ಆಟಗಾರರನ್ನು ಮೈದಾನದಲ್ಲಿ. ಒಂದೇ ಡೀಸೆಲ್‌ನಲ್ಲಿ ಎರಡು ಕೆಲಸ ಎಂದು ಸೇಠರು ಹೆಮ್ಮೆಪಡುತ್ತಿದ್ದರು.

ಒಮ್ಮೆ ಕೊಲ್ಹಾಪುರಕ್ಕೆ ಹೊರಟಾಗ ಮಿಲ್ಲಿನ ಗುಮಾಸ್ತ ಆಟದ ಸಾಮಾನಿನ ಗಂಟಿಗೂ ಟಾವೆಲ್ಲಿನ ಗಂಟಿಗೂ ಒಂದೇ ಚೀಟಿ ಹಚ್ಚಿದ್ದ. ವ್ಯಾಪಾರಿ ತನ್ನ ಪಾಲಿನ ಗಂಟುಗಳನ್ನು ಎಣಿಸಿ ಇಳಿಸಿಕೊಂಡ. ನಾವು ಮೈದಾನಕ್ಕೆ ಹೋಗಿ ಬಿಚ್ಚಿ ನೋಡಿದರೆ ಗುಲಾಬಿ ಬಣ್ಣದ ಟಾವೆಲ್‌ಗಳು. ಬೂಟಿಲ್ಲ, ಚಡ್ಡಿಯಿಲ್ಲ. ಎದುರು ತಂಡದವರು ದಯೆ ತೋರಿ ಹಳೆಯ ಬೂಟು ಕೊಟ್ಟರು. ಒಬ್ಬನ ಕಾಲಿಗೂ ಸರಿಹೊಂದಲಿಲ್ಲ. ಚೆನ್ನಾಗಿ ಹೊಡೆಸಿಕೊಂಡು ಬಂದೆವು. ಮರುದಿನ ಬೆಳಿಗ್ಗೆ ಮಿಲ್ಲಿನ ಗೇಟಿನಲ್ಲಿ ಕಾರ್ಮಿಕರ ಪೈಕಿ ನೀಲಕ್ಕ ಕೇಳಿದಳು: "ಟಾವೆಲ್ ಇದ್ದೂವಲ್ಲ? ಉಟಗೊಂಡ ಆಡಬೇಕಿತ್ತು. ಅವ್ರಾದ್ರೂ ನಕ್ಕು ನಕ್ಕು ಬೀಳತಿದ್ರು, ನೀವು ಗೋಲ್ ಹೊಡೀತಿದ್ರಿ."

ಈ ಗೇಟಿನ ವಿಷಯವನ್ನು ಬಿಡಿಸಿ ಹೇಳಬೇಕು. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಆಟಗಾರ ಮೈದಾನಕ್ಕೆ ಹೋದರೆ ಅವನ ಮಗ್ಗ ನಿಲ್ಲುವಂತಿಲ್ಲ. ಪಕ್ಕದ ಮಗ್ಗದವನು ತನ್ನದರ ಜೊತೆಗೆ ಅದನ್ನೂ ನೋಡಿಕೊಳ್ಳಬೇಕು. ಅಂಚು ಹೊಲಿಯುವ ವಿಭಾಗದ ಹೆಂಗಸರು ಅದರ ಟಾವೆಲ್‌ಗಳನ್ನೂ ಹೊಲಿದು ಮುಗಿಸಬೇಕು. ತಂಡ ಕಟ್ಟಿದ ಹೊಸತರಲ್ಲಿ ಒಂದು ಪಂದ್ಯ ಸೋತು ಬಂದಾಗ ಇದರಿಂದಲೇ ಗೇಟಿನಲ್ಲಿ ಜಗಳವಾಯಿತು. "ನಿನ್ನ ಮಗ್ಗಾನೂ ನಾನ ನಡಸೇನಿ, ನೀ ಹೋಗಿ ಸೋತ ಬಂದಿ?" ಎಂದು ಒಬ್ಬ ನಮ್ಮವನ ಕೊರಳಪಟ್ಟಿ ಹಿಡಿದ. ಸೇಠರು ಬಂದು ಬಿಡಿಸಿದರು. ಕೈ ಮಾಡಿದವನಿಗೆ ಶಿಕ್ಷೆಯಾಗುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದೆವು. ಅವರು ಅಲ್ಲೇ ನಿಂತು ಒಂದು ಕಟ್ಟಳೆ ಮಾಡಿದರು. ಗೆದ್ದರೆ ಆಟಗಾರರು ಮನೆಗೆ ಹೋಗಿ ಮಲಗಲಿ. ಸೋತರೆ ಪಾಳಿ ಬದಲಾಗುವ ಹೊತ್ತಿಗೆ ಮುಂದಿನ ಗೇಟಿನಲ್ಲಿ ನಿಂತು ಬೈಸಿಕೊಳ್ಳಬೇಕು. ಬೈಯುವವರು ಕೈ ಎತ್ತಬಾರದು, ತಾಯಿ, ಜಾತಿ ಎತ್ತಬಾರದು, ಆಟದ ವಿಷಯ ಬಿಟ್ಟು ಬೇರೆ ಆಡಬಾರದು. ಬೈದು ಮುಗಿಸಿದವರು, ಬೈಸಿಕೊಂಡವನಿಗೆ ತಮ್ಮ ಕೈಯಿಂದ ಚಹಾ ಕುಡಿಸಬೇಕು.

ಈ ಕಡೆಯ ಮಾತು ಮುಖ್ಯ. ಚಹಾ ಕುಡಿದ ಮೇಲೆ ಆ ಸೋಲು ಮುಗಿಯಿತು. ಅದನ್ನು ಮತ್ತೆ ಯಾರೂ ಎತ್ತುವಂತಿಲ್ಲ.

ನೀಲಕ್ಕ ಅಂಚು ಹೊಲಿಯುವ ವಿಭಾಗದವಳು. ಅವಳ ಬೈಗುಳ ಕೇಳಲೆಂದೇ ಪಾಳಿ ಮುಗಿದವರು ಮನೆಗೆ ಹೋಗದೆ ನಿಲ್ಲುತ್ತಿದ್ದರು. ಶರಣಪ್ಪ ಕ್ಯಾಪ್ಟನ್ ಆಗಿದ್ದಾಗ ಒಂದು ಫೈನಲ್‌ನಲ್ಲಿ ಪೆನಾಲ್ಟಿಯನ್ನು ಕಂಬದ ಮೇಲಿಂದ ಆಚೆ ಹೊಡೆದ. ಮರುದಿನ ಅವನು ಎಲ್ಲರಿಗಿಂತ ಮುಂದೆ ಹೋಗಿ ನಿಂತ. ನೀಲಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಏನೋ ಶರಣ್ಯಾ, ಗೋಲ್ ಎಷ್ಟ ಅಗಲ ಇರತದ?"

"ಇರತದ ಅಕ್ಕಾ, ಭಾಳ ಅಗಲ."

"ಎತ್ತಿನ ಬಂಡಿ ಹೋಗತದಿಲ್ಲೋ?"

"ಹೋಗತದ."

"ಜ್ವಾಳದ ಕಡಬಿ ಹೇರಿದ ಬಂಡಿ ಹೋಗೂ ಜಾಗಾದಾಗ ನಿನಗ ಒಂದು ಚೆಂಡ ಕಳಸೂದು ಆಗಲಿಲ್ಲ. ನಿಮ್ಮ ನಾಗಣಸೂರಾಗ ಚೆಂಡ ಹೊಡಿಯಾಕ ಕಲಿಸ್ಯಾರೋ, ಹಕ್ಕಿ ಹೊಡಿಯಾಕ ಕಲಿಸ್ಯಾರೋ?"

ಗೇಟಿಗೆ ಗೇಟೇ ನಕ್ಕಿತು. ಶರಣಪ್ಪನೂ ನಕ್ಕ, ಹಾಗೆಯೇ ಅವನ ಕಣ್ಣಲ್ಲಿ ನೀರು ಬಂತು. ನೀಲಕ್ಕ ಸೆರಗಿನಿಂದ ಕಪ್ಪು ಒರೆಸಿ, ಚಹಾ ತುಂಬಿ ಅವನ ಕೈಗೆ ಕೊಟ್ಟಳು. "ಕುಡಿ. ಸಕ್ಕರಿ ಜಾಸ್ತಿ ಹಾಕಸೇನಿ" ಎಂದಳು. ಅವನು ಮನೆಗೆ ಹೋಗಿ ನಿದ್ದೆ ಮಾಡಿದ. ಆ ಚಹಾ ಇಲ್ಲದಿದ್ದರೆ ಅಂದೇ ಆಟ ಬಿಡುತ್ತಿದ್ದೆ ಎಂದು ನನಗೆ ಎಷ್ಟೋ ಸಲ ಹೇಳಿದ್ದಾನೆ.

ಸೇಠರೂ ಒಮ್ಮೆ ನಿಂತಿದ್ದಾರೆ. ತಮ್ಮ ಬೀಗರ ಮನೆಯ ಹುಡುಗನನ್ನು ಹಟಮಾಡಿ ತಂಡಕ್ಕೆ ಹಾಕಿಸಿದರು. ಅವನು ಮೈದಾನದಲ್ಲಿ ಕೂದಲು ಸರಿಮಾಡಿಕೊಳ್ಳುತ್ತ ಓಡಾಡಿದ. ಸೋತೆವು. ಬೆಳಿಗ್ಗೆ ಸೇಠರು ತಾವಾಗಿಯೇ ಕಾರಿನಿಂದ ಇಳಿದು ಆಟಗಾರರ ಸಾಲಿನಲ್ಲಿ ನಿಂತರು. ಎಲ್ಲರೂ ನೀಲಕ್ಕನ ಮುಖ ನೋಡಿದರು. ಅವಳು ಹೆದರಲಿಲ್ಲ. "ಸೇಠಜಿ, ಬೀಗರ ಹುಡುಗಗ ಪೇಡೆ ತಿನಸ್ರಿ, ಹೊಸ ಅಂಗಿ ಹೊಲಸ್ರಿ. ಚೆಂಡ ಮಾತ್ರ ಕೊಡಬ್ಯಾಡ್ರಿ" ಎಂದಳು. ಸೇಠರು ಅವಳು ಕೊಟ್ಟ ಚಹಾವನ್ನು ಕಪ್ಪಿನ ಕೆಳಗಿನ ಬಸಿಗೆ ಸುರಿದು, ನಿಂತೇ ಕುಡಿದರು. ಆ ಹುಡುಗ ಮತ್ತೆ ಬಸ್ಸು ಹತ್ತಲಿಲ್ಲ. ನಾನು ಕಂಡ ಮೇಲಧಿಕಾರಿಗಳಲ್ಲಿ ಅವರಷ್ಟು ಎತ್ತರದವರು ಬೇರೆ ಯಾರೂ ಇಲ್ಲ.

ಅವರು ತೀರಿಕೊಂಡ ಮೇಲೆ ಮಕ್ಕಳು ಮಿಲ್ಲನ್ನು ಮುಂಬಯಿಯ ದೊಡ್ಡ ಕಂಪನಿಗೆ ಮಾರಿದರು. ಹಸುವಿನ ಹಿಂದೆ ಕರು ಹೋದ ಹಾಗೆ ತಂಡವೂ ಹೋಯಿತು. ಕಂಪನಿ ಅದನ್ನು ವೃತ್ತಿಪರ ಕ್ಲಬ್ ಮಾಡಿತು. ಸುಳ್ಳು ಹೇಳಲಾರೆ, ಅವರು ಒಳ್ಳೆಯದನ್ನೂ ತಂದರು. ಎಸಿ ಬಸ್ಸು ಬಂತು, ನನ್ನ ಬೆನ್ನುನೋವು ಹೋಯಿತು. ಡಾಕ್ಟರ್ ಬಂದರು. ಸೇಠರ ಕಾಲದಲ್ಲಿ ಮೊಣಕಾಲು ತಿರುಗಿದರೆ ಎಣ್ಣೆ ತಿಕ್ಕಿ ಮರುದಿನ ಮಗ್ಗಕ್ಕೆ ಕಳಿಸುತ್ತಿದ್ದೆವು, ಹಾಗೆ ಕುಂಟರಾದವರು ಇನ್ನೂ ಊರಲ್ಲಿದ್ದಾರೆ. ಈ ಡಾಕ್ಟರ್ ಒಬ್ಬ ಹುಡುಗನಿಗೆ ಆಪರೇಶನ್ ಮಾಡಿಸಿ ಮತ್ತೆ ಓಡುವಂತೆ ಮಾಡಿದರು. ಶರಣಪ್ಪನನ್ನು ಕೋರ್ಸಿಗೆ ಕಳಿಸಿ ಕೋಚ್ ಮಾಡಿದರು. ಎದುರು ತಂಡದ ಆಟವನ್ನು ಲ್ಯಾಪ್‌ಟಾಪ್‌ನಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡುವುದನ್ನು ಅವನು ಬೇಗ ಕಲಿತ. ಗೋವಾದಿಂದ, ಈಶಾನ್ಯದಿಂದ ಆಟಗಾರರು ಬಂದರು. ಇದೆಲ್ಲ ಬೇಕಾಗಿತ್ತು.

ಆದರೆ ಹೊಸ ಆಟಗಾರರು ಮಗ್ಗ ಮುಟ್ಟುವಂತಿರಲಿಲ್ಲ. ಅವರ ಪಾಲಿನ ಮಗ್ಗ ನಡೆಸುವ ನೆರೆಯವರೂ ಇರಲಿಲ್ಲ. ಆದ್ದರಿಂದ ಬೈಯುವ ಹಕ್ಕೂ ಇಲ್ಲ ಎಂದು ಕಂಪನಿ ತೀರ್ಮಾನಿಸಿತು. ಅದನ್ನು ನಮಗೆ ಹೇಳಿದವರು ಕ್ಲಬ್ಬಿನ ಮೇಲೆ ನೇಮಕವಾಗಿ ಬಂದ ಒಬ್ಬ ಅಧಿಕಾರಿ. ಚಿಕ್ಕ ವಯಸ್ಸು, ಒಳ್ಳೆಯ ಬಟ್ಟೆ, ಮಾತಿಗೊಮ್ಮೆ ಬ್ರ್ಯಾಂಡ್ ಬ್ರ್ಯಾಂಡ್ ಎನ್ನುತ್ತಿದ್ದರು. ಆಟಗಾರರು ಅವರಿಗೆ ಬ್ರ್ಯಾಂಡ್ ಸಾಹೇಬರೆಂದೇ ಹೆಸರಿಟ್ಟರು.

ಪುಣೆಯಲ್ಲಿ ಸೋತು ಮರಳುತ್ತಿದ್ದ ಬೆಳಿಗ್ಗೆ ಅವರು ನನಗೆ ಹಿಂದಿನ ಗೇಟಿಗೆ ಹೋಗು, ಪರದೆ ಎಳಿ ಎಂದರು. ಶರಣಪ್ಪ ನನ್ನ ಹಿಂದಿನಿಂದ ಹೇಳಿದ: "ಸಾಹೇಬ್ರ, ಮಂದಿ ಮುಂದಿನ ಗೇಟಿನ್ಯಾಗ ನಿಂತಾರ್ರಿ."

"ಅದಕ್ಕೇ ಹಿಂದಿನ ಗೇಟು" ಎಂದರು ಅವರು ಹಿಂದಿಯಲ್ಲಿ. "ಆಟಗಾರರು ಕಂಪನಿಯ ಆಸ್ತಿ. ಯಾರೋ ಹಾದಿಯಲ್ಲಿ ನಿಂತು ನಮ್ಮ ಆಸ್ತಿಗೆ ಬೈಯುವುದೆಂದರೇನು?"

"ಯಾರೋ ಅಲ್ರಿ, ನೀಲಕ್ಕ ಅದಾಳ" ಎಂದ ಶರಣಪ್ಪ. ಸಾಹೇಬರು ಫೋನಿನಲ್ಲಿ ಮುಳುಗಿದ್ದರು.

ನಾನು ಬಸ್ಸನ್ನು ಹಿಂದೆ ನಿಲ್ಲಿಸಿದೆ. ಶರಣಪ್ಪ ಇಳಿದು, ಕಾಂಪೌಂಡ್ ಗೋಡೆಯ ಗುಂಟ ಒಬ್ಬನೇ ಮುಂದಿನ ಗೇಟಿಗೆ ನಡೆದ. ನಾನೂ ಹಿಂದೆ ಹೋದೆ. ನೀಲಕ್ಕ ಅವನ ಹಿಂದೆ ಯಾರಾದರೂ ಬರುತ್ತಾರೇನೋ ಎಂದು ಇಣುಕಿದಳು.

"ಒಬ್ಬನ ಬಂದೇನೋ? ಉಳದ ಮಂದಿ ಎಲ್ಲಿ, ಮಾರಿ ಬಂದೇನು?"

"ಅವ್ರ ಪಾಲಿಂದೂ ನನಗ ಬೈ ಅಕ್ಕಾ."

ಅವಳು ಬೈದಳು. ಆದರೆ ಆ ದಿನದ ಬೈಗುಳದಲ್ಲಿ ಜೀವ ಇರಲಿಲ್ಲ. ಆಮೇಲಿನ ಸೋಲುಗಳಲ್ಲೂ ಶರಣಪ್ಪ ಹೀಗೇ ನಡೆದು ಹೋಗುತ್ತಿದ್ದ. ಸ್ವಲ್ಪ ದಿನಕ್ಕೆ ಗೋವಾದ ಗೋಲ್‌ಕೀಪರ್ ಅವನ ಜೊತೆ ಬರತೊಡಗಿದ. ಅವನಿಗೆ ಕನ್ನಡವೂ ಇಲ್ಲ, ಮರಾಠಿಯೂ ಅಷ್ಟಕ್ಕಷ್ಟೇ. ತಲೆ ಬಗ್ಗಿಸಿ ಪೂರ್ತಿ ಕೇಳಿ, ಚಹಾ ಕುಡಿದು, ಕೈ ಮುಗಿದು ಹೋಗುತ್ತಿದ್ದ. "ಈ ಹುಡುಗಗ ಬೈಯಾಕ ನನಗ ಮನಸ ಬರವಲ್ದು" ಎಂದು ನೀಲಕ್ಕ ಅವನಿಗೆ ಬಿಸ್ಕೀಟನ್ನೂ ಕೊಡುತ್ತಿದ್ದಳು.

ಯಾರೋ ಇದನ್ನು ಮೊಬೈಲಿನಲ್ಲಿ ಹಿಡಿದು ಹಂಚಿದರು. ಸಾಹೇಬರು ಶರಣಪ್ಪನನ್ನು ಆಫೀಸಿಗೆ ಕರೆಸಿ, ಇದು ಮರುಕಳಿಸಿದರೆ ಕೆಲಸ ಹೋಗುತ್ತದೆ ಎಂದರು. ಬದಲಿಗೆ ಒಂದು ಆ್ಯಪ್ ಮಾಡಿಸಿದ್ದೇವೆ, ಅಭಿಮಾನಿಗಳು ಅದರಲ್ಲಿ ಬರೆಯಲಿ ಎಂದರು. ಅದರಲ್ಲಿ ಬರೆದದ್ದನ್ನು ಮುಂಬಯಿಯಲ್ಲಿ ಯಾರೋ ಓದಿ, ಹೊಗಳಿಕೆಯನ್ನು ಮಾತ್ರ ಉಳಿಸುತ್ತಿದ್ದರು. ನೀಲಕ್ಕನ ಮೊಮ್ಮಗಳು ಅವಳು ಹೇಳಿದಂತೆ ಒಂದು ಬೈಗುಳ ಬರೆದು ಕಳಿಸಿದಳು. ಅದು ಎಲ್ಲೂ ಕಾಣಿಸಲಿಲ್ಲ. "ಬಾವ್ಯಾಗ ಒಗದಂಗ ಆತು. ಬಾವ್ಯಾದ್ರೂ ಸಪ್ಪಳಾ ಮಾಡತದ" ಎಂದಳು ನೀಲಕ್ಕ.

ಇದನ್ನೂ ಸಹಿಸಿಕೊಂಡೆ. ಆದರೆ ಜಾಹೀರಾತು ತೆಗೆದ ದಿನ ನನ್ನೊಳಗೆ ಏನೋ ಹರಿಯಿತು. ಮಿಲ್ಲಿನ ಮುಂದಿನ ಗೇಟಿಗೇ ಕ್ಯಾಮೆರಾ ತಂದರು. ಕಾರ್ಮಿಕರ ವೇಷದಲ್ಲಿ ಪುಣೆಯಿಂದ ಕರೆಸಿದ ನಟರು, ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟ ನಟಿಯರು. ತಂಡದ ಬಸ್ಸು ಬರುತ್ತದೆ, ಇವರೆಲ್ಲ ಹೂ ಎರಚಿ ಕುಣಿಯುತ್ತಾರೆ. ನಿಜವಾದ ಕಾರ್ಮಿಕರನ್ನು ಹಗ್ಗ ಕಟ್ಟಿ ಆಚೆ ನಿಲ್ಲಿಸಿದ್ದರು. ನಾನು ಬಸ್ಸನ್ನು ಮತ್ತೆ ಮತ್ತೆ ಹಿಂದಕ್ಕೆ ತೆಗೆದು ಗೇಟಿಗೆ ತರಬೇಕಾಯಿತು. ಪ್ರತಿ ಸಲವೂ ಹಗ್ಗದ ಆಚೆ ನೀಲಕ್ಕ ಕಾಣುತ್ತಿದ್ದಳು. ಅವಳ ಬಾಯಿ ಮುಚ್ಚಿತ್ತು. ಅಷ್ಟು ವರ್ಷಗಳಲ್ಲಿ ನಾನು ಹಾಗೆ ಅವಳನ್ನು ಕಂಡಿರಲಿಲ್ಲ.

ಮುಂದಿನ ವರ್ಷ ಕ್ಲಬ್ಬನ್ನೇ ಬೇರೆ ಊರಿಗೆ ಒಯ್ಯುವುದಾಗಿ ಹೇಳಿದರು. ಅಲ್ಲಿ ದೊಡ್ಡ ಮೈದಾನವಿದೆ, ಟಿವಿಯವರು ಬರುತ್ತಾರೆ. ಹೆಸರು ಬೇರೆ, ಬಣ್ಣ ಬೇರೆ. ಊರಿನ ಹೆಸರಿನ ಮೇಲೆ ಬೇರೆ ಊರಿನ ಹೆಸರು ಬರೆದರೆ ಕ್ಲಬ್ಬಾಗುತ್ತದೆ ಎಂದು ತಿಳಿದ ಜನ. ಸೊಲ್ಲಾಪುರದ ಹೆಸರಿನಲ್ಲಿ ಆಡಿದ ಕೊನೆಯ ಪಂದ್ಯ ಹೊರಗಿನ ಊರಿನಲ್ಲಿ ನಡೆಯಿತು. ಸೋತೆವು, ಅದೂ ಕೆಟ್ಟದಾಗಿ. ಹತ್ತುವಾಗ ಮೆಟ್ಟಿಲ ಮೇಲೆ ಸದ್ದೇ ಇರಲಿಲ್ಲ.

ಬ್ರ್ಯಾಂಡ್ ಸಾಹೇಬರು ವಿಮಾನದಲ್ಲಿ ಮುಂಬಯಿಗೆ ಹೋಗಿದ್ದರು. ಬೆಳಿಗ್ಗೆ ಎಂಐಡಿಸಿಯ ತಿರುವಿಗೆ ಬಂದೆವು. ಬಸ್ಸನ್ನು ಮುಂದಿನ ಗೇಟಿಗೆ ತಿರುಗಿಸಿದೆ. ಕನ್ನಡಿಯಲ್ಲಿ ನೋಡಿದೆ. ಶರಣಪ್ಪ ಅಂಗಿಯ ಗುಂಡಿ ಹಾಕಿಕೊಂಡು, ಕೂದಲು ಸವರಿಕೊಂಡು ಎದ್ದು ನಿಂತಿದ್ದ. "ಇವತ್ತ ಎಲ್ಲಾರೂ ಇಳೀರಿ" ಎಂದು ಹುಡುಗರಿಗೆ ಹೇಳಿದ. ಎಲ್ಲರೂ ಇಳಿದರು.

ಗೇಟಿನ ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ.

ಕಂಪನಿಗೆ ನಮಗಿಂತ ಮೊದಲೇ ಇದು ಹೊಳೆದಿತ್ತು. ರಾತ್ರಿ ಪಾಳಿಯವರನ್ನು ಮುಂಚೆಯೇ ಹಿಂದಿನ ದಾರಿಯಿಂದ ಮನೆಗೆ ಕಳಿಸಿದ್ದರು. ಬೆಳಗಿನ ಪಾಳಿಯವರಿಗೆ ತಡವಾಗಿ ಬರಲು ಹೇಳಿದ್ದರು. ಚಹಾದ ಗಾಡಿಯನ್ನೂ ಎತ್ತಿಸಿದ್ದರು. ಗಾಡಿ ನಿಲ್ಲುತ್ತಿದ್ದಲ್ಲಿ ನೆಲ ಮಾತ್ರ ಕಪ್ಪಾಗಿತ್ತು. ಶರಣಪ್ಪ ತಾನು ಯಾವಾಗಲೂ ನಿಲ್ಲುವಲ್ಲಿ ಕೈ ಕಟ್ಟಿ ನಿಂತ. ಹುಡುಗರು ಅವನ ಹಿಂದೆ ನಿಂತರು. ಮುಚ್ಚಿದ ಕಬ್ಬಿಣದ ಗೇಟಿನ ಮುಂದೆ ಸೋತ ತಂಡವೊಂದು ತಲೆ ತಗ್ಗಿಸಿ ನಿಂತಿತ್ತು, ಬೈಯಲು ಯಾರೂ ಇರಲಿಲ್ಲ. ಕಾವಲಿನವನಿಗೆ ನೋಡಲಾಗಲಿಲ್ಲ. "ಮಾಸ್ತರ, ಯಾರೂ ಇಲ್ರಿ. ನಾನರ ಏನ ಅನ್ಲಿ? ನನಗ ಬೈಯಾಕ ಬರೂದಿಲ್ರಿ" ಎಂದ.

ಶರಣಪ್ಪ ಬಹಳ ಹೊತ್ತು ನಿಂತು, ಬಸ್ಸಿನ ಕಡೆ ತಿರುಗಿದ. "ನಡಿ ಮಾಮಾ" ಎಂದ. ಒಬ್ಬ ಮನುಷ್ಯನ ಕೆಲಸ ಕಸಿದುಕೊಳ್ಳುವುದನ್ನು ನೋಡಿದ್ದೇನೆ. ಅವನ ಸೋಲನ್ನೂ ಕಸಿದುಕೊಳ್ಳಬಹುದು ಎಂದು ಅಂದು ತಿಳಿಯಿತು.

ಕ್ಲಬ್ಬು ಹೋಯಿತು. ಅವನನ್ನು ಕರೆಯಲಿಲ್ಲ, ಕರೆದಿದ್ದರೂ ಹೋಗುತ್ತಿರಲಿಲ್ಲ. ನಾಗಣಸೂರಿಗೆ ಹೋಗಿ ಅಣ್ಣತಮ್ಮಂದಿರ ಜೊತೆ ಹೊಲ ನೋಡಿಕೊಂಡ. ಚೆನ್ನಾಗಿಯೇ ಇದ್ದ, ಕಬ್ಬು ಚೆನ್ನಾಗಿ ಬರುತ್ತಿತ್ತು. ಗುರುವಾರ ನಾನು ಅಕ್ಕಲಕೋಟಕ್ಕೆ ಸ್ವಾಮಿಗಳ ದರ್ಶನಕ್ಕೆ ಹೋದಾಗ ಅವನೂ ಬರುತ್ತಿದ್ದ. ಸೊಲ್ಲಾಪುರಕ್ಕೆ ಮಾತ್ರ ಬರುತ್ತಿರಲಿಲ್ಲ.

"ನೀಲಕ್ಕ ಕೇಳಾಕತ್ತಿದ್ದಳು, ಶರಣ್ಯಾ ಎಲ್ಲಿ ಸತ್ತಾನ ಅಂತ" ಎಂದೆ ಒಮ್ಮೆ.

"ಯಾವ ಮಾರಿ ತೊಗೊಂಡ ಬರ್ಲಿ ಮಾಮಾ? ಕಡೀ ಸೋಲಿನ ಬೈಗುಳ ಹಂಗ ಉಳದದ."

"ಆಕಿನ್ನ ಇಲ್ಲೇ ಕರ್ಕೊಂಡ ಬರತೀನಿ. ಬೈಸಿಕೊಂಡ ಬಿಡು."

"ಬ್ಯಾಡ. ಅದು ಗೇಟಿನ್ಯಾಗ ಆಗಬೇಕು. ನಾ ಹೋಗಿ ನಿಲ್ಲಬೇಕು, ಆಕಿ ಬರಬೇಕು."

ಈ ಬೇಸಿಗೆಯಲ್ಲಿ ಒಂದು ದಿನ ಹೊಲಕ್ಕೆ ನೀರು ಬಿಡುವಾಗ ಎದೆ ಹಿಡಿದುಕೊಂಡು ಕೂತನಂತೆ. ಮತ್ತೆ ಏಳಲಿಲ್ಲ.

ಫೋನು ಬಂದ ಕೂಡಲೇ ನೀಲಕ್ಕನನ್ನೂ ಮಿಲ್ಲಿನ ಹಳಬರನ್ನೂ ಟೆಂಪೋದಲ್ಲಿ ಹತ್ತಿಸಿಕೊಂಡು ಹೋದೆ. ನಮ್ಮಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಅಂಗಳದಲ್ಲಿ ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಮಾಲೆ. ತಲೆ ಸ್ವಲ್ಪ ಮುಂದಕ್ಕೆ ಬಾಗಿತ್ತು. ಗೇಟಿನಲ್ಲಿ ನಿಂತಾಗ ಅವನ ತಲೆ ಹಾಗೇ ಬಾಗಿರುತ್ತಿತ್ತು. ಭಜನೆಯವರು ಹಾಡುತ್ತಿದ್ದರು. ನೀಲಕ್ಕ ಕೋಲೂರಿಕೊಂಡು ಎದುರಿಗೆ ಹೋಗಿ ನಿಂತಳು. ಅಳುತ್ತಾಳೆಂದು ಹೆಂಗಸರು ಜಾಗ ಬಿಟ್ಟರು.

"ಏ ಶರಣ್ಯಾ" ಎಂದಳು. ಭಜನೆ ನಿಂತಿತು. "ಕಡೀ ಮ್ಯಾಚ್ ಹಂಗ ಆಡಸ್ತಾರೇನೋ? ಹಿಂದ ಒಬ್ಬರ ಇದ್ರೇನು? ಎಲ್ಲಾರೂ ಮುಂದ ಓಡಿ ಹೋದ್ರು, ಮನಿಗೆ ಕದಾ ಹಾಕವ್ರು ಯಾರು? ಆ ಗೋವಾದ ಹುಡುಗ ಒಬ್ಬನ ಎಷ್ಟಂತ ಹಿಡೀತಾನ? ಮೊಬೈಲಿನ್ಯಾಗ ನೋಡಿ ನನ್ನ ಹೊಟ್ಟಿ ಉರದ ಹೋತು. ಕಡಬಿ ಬಂಡಿ ಹೋಗೂ ಜಾಗಾ ಅಂತ ನಿನಗ ಅವತ್ತ ಹೇಳಿದ್ದು ಹೊಡಿಯಾಕ. ನೀ ಅವ್ರಿಗೆ ಬಂಡಿ ಹೊಡಕೊಂಡ ಹೋಗಾಕ ಬಿಟ್ಟಿ. ನಾಚಿಕಿ ಬರಲಿಲ್ಲೇನೋ? ಬೈಸಿಕೊಳ್ಳಾಕ ಬರಲಿಲ್ಲ, ಇಲ್ಲಿ ಬಂದ ಕೂತಿ?"

ಅವನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು, ನಗುತ್ತಲೇ ಗಟ್ಟಿಯಾಗಿ ಅತ್ತಳು. ಮಿಲ್ಲಿನವರು ಒಬ್ಬೊಬ್ಬರಾಗಿ ಮುಂದೆ ಬಂದು ಬೈದರು. ನೌಕರಿಯಲ್ಲಿ ಒಮ್ಮೆಯೂ ಬೈಯದ ನಾನೂ ಬೈದೆ. ಏನಂದೆನೋ ನೆನಪಿಲ್ಲ. ಕೊನೆಗೆ ನೀಲಕ್ಕ ನೆರೆಮನೆಯವರಿಂದ ಚಹಾ ತರಿಸಿ, ಸೆರಗಿನಿಂದ ಕಪ್ಪು ಒರೆಸಿ ತುಂಬಿ, ಅವನ ಮೊಣಕಾಲಿನ ಬಳಿ ಇಟ್ಟಳು. "ಸಕ್ಕರಿ ಜಾಸ್ತಿ ಹಾಕಸೇನಿ" ಎಂದಳು.

ಆಗ ಬ್ರ್ಯಾಂಡ್ ಸಾಹೇಬರು ಬಂದರು. ದೊಡ್ಡ ಹೂವಿನ ಚಕ್ರ, ಅದರ ಮೇಲೆ ಹೊಸ ಕ್ಲಬ್ಬಿನ ಗುರುತು, ಜೊತೆಗೊಬ್ಬ ಫೋಟೋದವನು. ಅಂಗಳಕ್ಕೆ ಅಂಗಳವೇ ಅವರ ಕಡೆ ತಿರುಗಿತು. ಅವರ ಮುಖ ಬಿಳಿಚಿತು. ಬೈಗುಳ ಬೀಳುತ್ತದೆ ಎಂದು ಗೊತ್ತಿದ್ದು ಬಂದ ಮುಖ ಅದು. ನಾನೂ ಕಾದೆ. ನೀಲಕ್ಕನ ಬಾಯಿಂದ ಇವನಿಗೆ ಏನು ಬೀಳಬಹುದು ಎಂದು ಇಷ್ಟು ವರ್ಷ ಕಾದಿದ್ದೆ.

ನೀಲಕ್ಕ ಅವರನ್ನು ನೋಡಿದಳು. ನೀರಿನ ಕೊಡದ ಕಡೆ ಕೈ ತೋರಿ, "ಬಿಸಲಾಗ ಬಂದೀರಿ, ನೀರ ಕುಡೀರಿ ಸಾಹೇಬ್ರ" ಎಂದಳು. ಚಹಾದ ಕಿಟಲಿ ಅವಳ ಕಾಲ ಬಳಿಯೇ ಇತ್ತು. ಯಾರೂ ಅದನ್ನು ಮುಟ್ಟಲಿಲ್ಲ. ಯಾರೂ ಏನೂ ಅನ್ನಲಿಲ್ಲ. ಒಬ್ಬರು ಕುರ್ಚಿ ತಂದು ಹಾಕಿದರು.

ಹೊರಡುವಾಗ ಅಕ್ಕಲಕೋಟದ ದಾರಿ ತೋರಿಸಲು ನಾನೇ ಕಾರಿನ ತನಕ ಹೋದೆ. ಸಾಹೇಬರು ಬೆವರು ಒರೆಸಿಕೊಂಡು, ನಿಜವಾಗಿಯೂ ಮನಸ್ಸು ತುಂಬಿ, ನನ್ನ ಕೈ ಹಿಡಿದುಕೊಂಡರು.

"ಎಷ್ಟು ಒಳ್ಳೆಯ ಜನ ಮಾಮಾ" ಎಂದರು. "ನನಗೆ ಯಾರೂ ಒಂದು ಮಾತೂ ಅನ್ನಲಿಲ್ಲ."